ಹಿಟ್ಟಿನ ಮಡಕೆ ತುಂಬಲಿಲ್ಲ, ಬರಿದೂ ಆಗಲಿಲ್ಲ

ಬರಗಾಲದಲ್ಲಿ ಚಾರೆಪ್ತ ಎಂಬ ಊರಿನ ವಿಧವೆಯ ಮನೆಯಲ್ಲಿ ಉಳಿದಿದ್ದದ್ದು ಮಡಕೆಯ ತಳದಲ್ಲಿ ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ಒಂದಿಷ್ಟು ಎಣ್ಣೆ. ಎರಡು ಕಟ್ಟಿಗೆ ಆರಿಸಿಕೊಂಡು ಹೋಗಿ ತನಗೂ ಮಗನಿಗೂ ಕೊನೆಯ ರೊಟ್ಟಿ ಸುಡಬೇಕೆಂದಿದ್ದವಳನ್ನು ಪ್ರವಾದಿ ಎಲೀಯ ತಡೆದು, ಮೊದಲು ನನಗೊಂದು ಚಿಕ್ಕ ರೊಟ್ಟಿ ಮಾಡಿಕೊಡು ಎಂದ. ಅವಳು ಮಾಡಿಕೊಟ್ಟಳು. 1 ಅರಸುಗಳು 17ನೇ ಅಧ್ಯಾಯವನ್ನು ಓದುವಾಗ ನಾವು ಅವಸರದಲ್ಲಿ ದಾಟಿಹೋಗುವ ಮಾತೊಂದು ಅಲ್ಲಿದೆ. ಆಮೇಲೆ ಮಡಕೆ ತುಂಬಿ ತುಳುಕಿತು ಎಂದು ಬರೆದಿಲ್ಲ. ಹಿಟ್ಟು ತೀರಲಿಲ್ಲ, ಎಣ್ಣೆ ಮುಗಿಯಲಿಲ್ಲ ಎಂದಷ್ಟೇ ಇದೆ. ಮಳೆ ಬರುವ ತನಕ ದಿನವೂ ಅವಳು ಕೈ ಹಾಕಿದಾಗ ಬೆರಳಿಗೆ ಮಡಕೆಯ ತಳವೇ ತಾಗಿರಬಹುದು. ಆದರೂ ಅವಳು, ಅವಳ ಮನೆಯವರು, ಜೊತೆಗೆ ಪ್ರವಾದಿ, ಎಲ್ಲರೂ ಬಹುದಿನ ಉಂಡರು.

ಕ್ರೈಸ್ತ ಜೀವನದಲ್ಲಿ ಸಮೃದ್ಧಿ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಈ ಮಡಕೆಯನ್ನೇ ತೋರಿಸುತ್ತೇನೆ. ಎಷ್ಟು ತುಂಬಿಟ್ಟಿದ್ದೇವೆ ಎಂಬುದರಿಂದ ಅದನ್ನು ಅಳೆಯಲಾಗದು. ನಮ್ಮ ಕೈಯಿಂದ ಎಷ್ಟು ಹಾದುಹೋಯಿತು, ಹಾದುಹೋದ ಮೇಲೂ ನಾಳೆಯ ರೊಟ್ಟಿಗೆ ಹೇಗೆ ಉಳಿಯಿತು ಎಂಬುದರಿಂದ ಅಳೆಯಬೇಕು. ಇದನ್ನು ವೇದವಾಕ್ಯದಲ್ಲಿ ಅತ್ಯಂತ ವಿವರವಾಗಿ ಬಿಡಿಸಿ ಹೇಳಿರುವುದು 2 ಕೊರಿಂಥದ 8 ಮತ್ತು 9ನೇ ಅಧ್ಯಾಯಗಳು. ಕೊಡುವ ವಿಷಯದಲ್ಲಿ ಬಿಡಿ ವಚನಗಳನ್ನು ಬಾಯಿಪಾಠ ಮಾಡುವ ಬದಲು ಈ ಎರಡು ಅಧ್ಯಾಯಗಳನ್ನು ಒಂದೇ ಸಲ, ಪತ್ರ ಓದುವಂತೆ ಓದಬೇಕು. ಅದು ನಿಜಕ್ಕೂ ಪತ್ರವೇ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುತ್ತೇವೆಂದು ಕೊರಿಂಥದವರು ಹಿಂದಿನ ವರ್ಷವೇ ಉತ್ಸಾಹದಿಂದ ಒಪ್ಪಿಕೊಂಡಿದ್ದರು. ಕೆಲಸ ಅರ್ಧಕ್ಕೆ ನಿಂತಿತ್ತು. ಪೌಲ ಅವರನ್ನು ಗದರಿಸದೆ, ಆಜ್ಞೆಯನ್ನೂ ಮಾಡದೆ, ಶುರು ಮಾಡಿದ್ದನ್ನು ಮುಗಿಸಿರಿ ಎಂದು ಬರೆಯುತ್ತಾನೆ.

9:8ರಲ್ಲಿ ಅವನು ಬಳಸುವ ಒಂದು ಗ್ರೀಕ್ ಪದ ‘ಔಟಾರ್ಕೆಯಾ’. ಆ ಕಾಲದ ಸ್ತೋಯಿಕ ತತ್ತ್ವಜ್ಞಾನಿಗಳಿಗೆ ಇದು ಬಹಳ ಪ್ರಿಯವಾದ ಪದ. ಯಾರ ಹಂಗೂ ಇಲ್ಲದೆ, ಹೊರಗಿನದು ಏನೂ ಬೇಡವೆನ್ನುವಂತೆ ಬದುಕುವ ಸ್ಥಿತಿಗೆ ಅವರು ಅದನ್ನು ಬಳಸುತ್ತಿದ್ದರು. ಪೌಲ ಅದನ್ನು ತೆಗೆದುಕೊಂಡು ದಿಕ್ಕನ್ನೇ ತಿರುಗಿಸುತ್ತಾನೆ. ನಿಮಗೆ ಸಾಕಾಗುವಷ್ಟು ಯಾವಾಗಲೂ ಇರುತ್ತದೆ, ಸಕಲ ಸತ್ಕಾರ್ಯಕ್ಕೂ ಧಾರಾಳವಾಗಿ ಮಿಕ್ಕುತ್ತದೆ ಎನ್ನುತ್ತಾನೆ. ‘ಸಾಕು’ ಎಂಬುದು ನಮ್ಮ ಕಡೆಗೆ, ‘ಧಾರಾಳ’ ಎಂಬುದು ಸತ್ಕಾರ್ಯದ ಕಡೆಗೆ. ಎರಡು ವಚನ ದಾಟಿದರೆ ಬಿತ್ತುವವನಿಗೆ ಬೀಜವನ್ನೂ ತಿನ್ನುವುದಕ್ಕೆ ರೊಟ್ಟಿಯನ್ನೂ ಕೊಡುವವನು ದೇವರು ಎಂಬ ಮಾತು ಬರುತ್ತದೆ. ಕೈಗೆ ಬಂದ ಒಂದೇ ರಾಶಿ ಧಾನ್ಯದಲ್ಲಿ ಒಂದು ಪಾಲು ರೊಟ್ಟಿ, ಇನ್ನೊಂದು ಪಾಲು ಬೀಜ. ಪೂರ್ತಿ ಬೀಜವನ್ನೇ ತಿಂದು ಮುಗಿಸಿದವನಿಗೆ ಮುಂದಿನ ಬೆಳೆಯಿಲ್ಲ. ರೊಟ್ಟಿಗೂ ಇಡದೆ ಎಲ್ಲವನ್ನೂ ಬಿತ್ತಿದವನು ಕೊಯ್ಲಿನ ತನಕ ಬದುಕಿ ಉಳಿಯುವುದಿಲ್ಲ. ಯಾವುದು ಯಾವ ಪಾಲು ಎಂದು ಗುರುತಿಸುವುದರಲ್ಲೇ ಉದಾರತೆಯ ಕೆಲಸದ ಮುಕ್ಕಾಲು ಭಾಗ ಇದೆ. ಅದೇ ‘ಔಟಾರ್ಕೆಯಾ’ ಪದ 1 ತಿಮೊಥೆ 6:6ರಲ್ಲಿ ಮತ್ತೆ ಬರುತ್ತದೆ, ಅಲ್ಲಿ ಅದಕ್ಕೆ ಸಂತುಷ್ಟಿ ಎಂಬ ಅರ್ಥ. ಸಂತುಷ್ಟಿಯಿಲ್ಲದವನಿಗೆ ‘ಇದು ಬೀಜ’ ಎಂದು ಹೇಳುವ ಧೈರ್ಯವೇ ಬರುವುದಿಲ್ಲ. ಅವನಿಗೆ ಎಲ್ಲವೂ ರೊಟ್ಟಿಯಾಗಿಯೇ ಕಾಣುತ್ತದೆ.

ಲೂಕ 6:38ರ ಅಳತೆಯ ಮಾತನ್ನೂ ಇಲ್ಲಿ ಹತ್ತಿರದಿಂದ ನೋಡಬೇಕು. ಜಡಿದು, ಅಲ್ಲಾಡಿಸಿ, ಹೊರಚೆಲ್ಲುವಂತೆ ಅಳೆದು ಸೆರಗಿಗೆ ಹಾಕುವರು ಎಂದು ಯೇಸು ಹೇಳಿದ್ದು ಧಾನ್ಯದ ಅಂಗಡಿಯ ಚಿತ್ರ. ಅಳತೆಯ ಪಾತ್ರೆಗೆ ಕಾಳು ಸುರಿದಾಗ ನಡುವೆ ಪೊಳ್ಳು ಉಳಿಯುತ್ತದೆ. ಜಿಪುಣ ವ್ಯಾಪಾರಿ ಅಷ್ಟಕ್ಕೇ ಕೋಲಿನಿಂದ ಬಾಯಿ ಸವರಿ ಕೊಟ್ಟುಬಿಡುತ್ತಾನೆ, ಲೆಕ್ಕದಲ್ಲಿ ಮೋಸವೇನೂ ಇಲ್ಲ. ಒಳ್ಳೆಯವನು ಕೈಯಿಂದ ಒತ್ತುತ್ತಾನೆ, ಕಾಳು ಇಳಿಯುತ್ತದೆ. ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕುತ್ತಾನೆ, ಇನ್ನಷ್ಟು ಇಳಿಯುತ್ತದೆ. ಮೇಲೆ ಮತ್ತೆ ಸುರಿದು ಗೋಪುರ ಕಟ್ಟುತ್ತಾನೆ, ಅಂಚಿನಿಂದ ಜಾರುವ ತನಕ. ಕೊಳ್ಳುವವನು ನಡುಕಟ್ಟಿನ ಮೇಲೆ ಜೋಲುಬಿಟ್ಟ ಮೇಲಂಗಿಯ ಮಡಿಕೆಯನ್ನು ಹಿಡಿದು ನಿಂತಿರುತ್ತಾನೆ; ಧಾನ್ಯ ಬೀಳುವುದು ಅದರೊಳಕ್ಕೆ. ಅಳೆಯುವ ಪಾತ್ರೆ ಒಂದೇ, ಅಳೆಯುವ ಕೈ ಬೇರೆ. ಈ ಮಾತಿನ ಹಿಂದಿನ ವಚನದಲ್ಲಿ ಹಣದ ಸುದ್ದಿಯೇ ಇಲ್ಲ ಎಂಬುದನ್ನೂ ಗಮನಿಸಿ. ತೀರ್ಪು ಮಾಡಬೇಡಿರಿ, ಬಿಡಿಸಿರಿ, ಕ್ಷಮಿಸಿರಿ ಎಂದು ಹೇಳುತ್ತಾ ಯೇಸು ‘ಕೊಡಿರಿ’ ಎಂಬಲ್ಲಿಗೆ ಬರುತ್ತಾನೆ. ನೂರು ಕೊಟ್ಟರೆ ಸಾವಿರ ಬರುತ್ತದೆ ಎಂಬ ಲೆಕ್ಕಕ್ಕೆ ಈ ವಚನವನ್ನು ಎಳೆದು ತರುವವರು ಹಿಂದಿನ ಸಾಲನ್ನು ಓದಿಯೇ ಇಲ್ಲವೆಂದು ನನಗನ್ನಿಸುತ್ತದೆ. ಸಾಲಗಾರನಿಗೆ, ಮನಸ್ಸು ನೋಯಿಸಿದವನಿಗೆ, ದಾರಿ ತಪ್ಪಿದವನಿಗೆ ನಾವು ಕರುಣೆಯನ್ನು ಯಾವ ಕೈಯಿಂದ ಅಳೆಯುತ್ತೇವೆ ಎಂಬುದೇ ಅಲ್ಲಿಯ ವಿಷಯ, ಹಣ ಅದರ ಒಂದು ಭಾಗ.

ಮೊದಲು ‘ಸಾಕು’ ಎಷ್ಟೆಂದು ಬರೆಯಿರಿ

ಕೊಡಬೇಕೆಂಬ ಆಸೆ ಬಹಳ ಜನರಿಗೆ ಇರುತ್ತದೆ, ಆದರೂ ತಿಂಗಳ ಕೊನೆಗೆ ಕೈ ಖಾಲಿ. ಮನಸ್ಸಿನ ಜಿಪುಣತನ ಇದಕ್ಕೆ ಕಾರಣವಾಗಿರುವುದು ಅಪರೂಪ. ಸಾಮಾನ್ಯವಾಗಿ ಖರ್ಚಿಗೆ ಮೇಲ್ಮಿತಿ ಇಲ್ಲದಿರುವುದೇ ಕಾರಣ. ಆದಾಯ ಏರಿದ ಹಾಗೆ ಖರ್ಚು ಸದ್ದಿಲ್ಲದೆ ಜೊತೆಗೇ ಏರುತ್ತದೆ, ‘ಮಿಕ್ಕಿದ್ದು’ ಎಂಬುದು ಹುಟ್ಟುವುದೇ ಇಲ್ಲ. ಲೂಕ 12ರ ಐಶ್ವರ್ಯವಂತನಿಗೂ ಆದದ್ದು ಇಷ್ಟೇ: ಬೆಳೆ ಹೆಚ್ಚಾದ ಕೂಡಲೇ ಕಣಜವನ್ನೂ ದೊಡ್ಡದು ಮಾಡುವ ಯೋಚನೆ ಬಂತು. ಕಣಜದ ಅಳತೆ ಮೊದಲೇ ಗೊತ್ತಿದ್ದಿದ್ದರೆ ಉಳಿದದ್ದು ಯಾರದ್ದು ಎಂಬ ಪ್ರಶ್ನೆಯಾದರೂ ಏಳುತ್ತಿತ್ತು.

ಆದ್ದರಿಂದ ಹಿಂದಿನ ಮೂರು ತಿಂಗಳ ಖರ್ಚನ್ನು ಬರೆದು ಕೂಡಿಸಿರಿ. ಅಂದಾಜು ಸಾಲದು, ಬ್ಯಾಂಕ್ ಪಾಸ್‌ಬುಕ್ಕೋ ಮೊಬೈಲ್ ಲೆಕ್ಕವೋ ಎದುರಿಗಿರಬೇಕು. ಮೂರರಿಂದ ಭಾಗಿಸಿ. ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನು, ಶಾಲೆಯ ಶುಲ್ಕ, ವಿಮೆ, ಹಬ್ಬದ ಬಟ್ಟೆ, ಹನ್ನೆರಡರಿಂದ ಭಾಗಿಸಿ ಸೇರಿಸಿರಿ. ಜನ ಇದನ್ನೇ ಮರೆಯುತ್ತಾರೆ, ಆಮೇಲೆ ಆ ತಿಂಗಳು ಎತ್ತಿಟ್ಟ ಕಾಣಿಕೆಗೆ ಕೈ ಹಾಕುತ್ತಾರೆ. ಬಂದ ಮೊತ್ತವನ್ನು ಗಂಡ ಹೆಂಡತಿ ಇಬ್ಬರೂ ಕೂತು ನೋಡಿ, ಇದಿಷ್ಟು ನಮಗೆ ಸಾಕು ಎಂದು ಒಪ್ಪಿಕೊಳ್ಳಬೇಕು. ಒಬ್ಬರೇ ನಿರ್ಧರಿಸಿದ ಕಾಣಿಕೆ ಇನ್ನೊಬ್ಬರಿಗೆ ಕಳ್ಳತನದಂತೆ ಕಾಣುತ್ತದೆ, ದುಃಖದಿಂದಾಗಲಿ ಬಲಾತ್ಕಾರದಿಂದಾಗಲಿ ಕೊಡಬಾರದು ಎಂಬ 2 ಕೊರಿಂಥ 9:7ರ ಮಾತು ಮನೆಯೊಳಗೇ ಮುರಿದುಬೀಳುತ್ತದೆ. ಆ ಸಂಖ್ಯೆಯನ್ನು ವರ್ಷಕ್ಕೊಮ್ಮೆ ಮಾತ್ರ ತಿರುಗಿ ನೋಡಿರಿ. ಬೆಲೆಗಳು ಏರಿದ್ದಕ್ಕೆ ತಕ್ಕಂತೆ ಏರಿಸಬಹುದು, ಸಂಬಳ ಏರಿತೆಂಬ ಕಾರಣಕ್ಕೆ ಬೇಡ.

18ನೇ ಶತಮಾನದಲ್ಲಿ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ತನ್ನ ಒಂದು ಪ್ರಸಂಗದಲ್ಲಿ ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕ ಕೊಟ್ಟಿದ್ದಾನೆ. ಆ ಯುವಕ ವೆಸ್ಲಿಯೇ ಎಂದು ಸಾಮಾನ್ಯವಾಗಿ ಎಲ್ಲರೂ ತಿಳಿಯುತ್ತಾರೆ. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು, ಖರ್ಚು 28, ಕೊಟ್ಟದ್ದು 32. ಮೂರನೇ ವರ್ಷ 90 ಬಂದಾಗ 62, ನಾಲ್ಕನೇ ವರ್ಷ 120 ಬಂದಾಗ 92. ನೂರಕ್ಕೆ ಏಳರಷ್ಟೂ ಆಗದ ಕಾಣಿಕೆ ಮೂರೇ ವರ್ಷದಲ್ಲಿ ನೂರಕ್ಕೆ ಎಪ್ಪತ್ತನ್ನು ದಾಟಿತು, ಆದರೂ ಅವನ ಊಟದ ತಟ್ಟೆಯಿಂದ ಒಂದು ತುತ್ತೂ ಕಡಿಮೆಯಾಗಲಿಲ್ಲ. ಬದಲಾಗದೆ ನಿಂತದ್ದು 28 ಎಂಬ ಸಂಖ್ಯೆ ಮಾತ್ರ. ಮಕ್ಕಳು, ವಯಸ್ಸಾದ ತಂದೆತಾಯಿ ಇರುವ ಮನೆಗೆ ಇಷ್ಟು ಬಿಗಿ ಆಗದು, ಆಗಬೇಕಾಗಿಯೂ ಇಲ್ಲ. ಆದರೆ ಸೂತ್ರ ಅದೇ.

ಹಾಗಾದರೆ ಉಳಿತಾಯ ಪಾಪವೇ ಎಂದು ಕೇಳುವವರಿದ್ದಾರೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನದಿನವೂ ಕೊಟ್ಟ ಆಹಾರವಾದ ಮನ್ನದ ಕಥೆಯನ್ನು ಪೂರ್ತಿ ಓದಿದರೆ ಉತ್ತರ ಸಿಗುತ್ತದೆ. ತಲೆಗೆ ಒಂದು ಓಮೆರ್ ಅಳತೆ; ಮಾತು ಕೇಳದೆ ಬೆಳಗಿನ ತನಕ ಇಟ್ಟುಕೊಂಡವರದ್ದಕ್ಕೆ ಹುಳ ಬಿದ್ದು ನಾತ ಹೊಡೆಯಿತು. ಆರನೇ ದಿನ ಮಾತ್ರ ಮರುದಿನದ ಸಬ್ಬತ್ತಿಗಾಗಿ, ಅಂದರೆ ವಿಶ್ರಾಂತಿ ದಿನಕ್ಕಾಗಿ, ಎರಡರಷ್ಟು ಕೂಡಿಸಿಡಲು ಹೇಳಲಾಗಿತ್ತು, ಅದು ಕೆಡಲಿಲ್ಲ. ಗೊತ್ತಿರುವ ಕೆಲಸಕ್ಕೆ, ಗೊತ್ತಿರುವ ದಿನಕ್ಕೆ ಎತ್ತಿಟ್ಟದ್ದು ಕೆಡುವುದಿಲ್ಲ. ಭಯದಿಂದ, ಹೆಸರಿಲ್ಲದೆ ಗುಡ್ಡೆ ಹಾಕಿದ್ದು ಕೆಡುತ್ತದೆ. ಮೂರರಿಂದ ಆರು ತಿಂಗಳ ಖರ್ಚು ಆಪತ್ತಿಗೆಂದು ಇರಲಿ, ಮಕ್ಕಳ ಓದಿಗೆ ಇರಲಿ. ‘ಸುಮ್ಮನೆ ಇರಲಿ’ ಎಂದು ಇಟ್ಟದ್ದರ ಮೇಲೆ ಕಣ್ಣಿಡಿ. ಪೌಲ 2 ಕೊರಿಂಥ 8:15ರಲ್ಲಿ ಇದೇ ಮನ್ನದ ವಚನವನ್ನು ತಂದು, ಈಗ ನಿಮ್ಮ ಸಮೃದ್ಧಿ ಅವರ ಕೊರತೆಯನ್ನು ನೀಗಿಸಲಿ, ಮುಂದೊಂದು ದಿನ ಅವರದ್ದು ನಿಮ್ಮದನ್ನು ನೀಗಿಸೀತು ಎನ್ನುತ್ತಾನೆ. ಕೊಡುವವನು ಯಾವತ್ತೂ ಕೊಡುವವನೇ ಆಗಿರುತ್ತಾನೆ ಎಂದು ಅವನು ಎಣಿಸಿಲ್ಲ.

ಎತ್ತಿಡುವ ದಿನ, ಎತ್ತಿಡುವ ಪಾಲು

1 ಕೊರಿಂಥ 16:2 ಒಂದೇ ವಾಕ್ಯದಲ್ಲಿ ನಾಲ್ಕು ನಿಯಮ ಹೇಳಿಬಿಡುತ್ತದೆ. ವಾರದ ಮೊದಲನೆಯ ದಿನ, ಅಂದರೆ ದಿನ ಗೊತ್ತಾಗಿರಬೇಕು. ಪ್ರತಿಯೊಬ್ಬನೂ, ಅಂದರೆ ಬಡವನಿಗೂ ಪಾಲಿದೆ. ತನ್ನ ಹತ್ತಿರ ಗಂಟುಮಾಡಿ ಇಡಬೇಕು, ಅಂದರೆ ಖರ್ಚಿನ ಹಣದೊಂದಿಗೆ ಬೆರೆಯಬಾರದು. ಬಂದ ಸಂಪಾದನೆಗೆ ತಕ್ಕಂತೆ, ಅಂದರೆ ಎಲ್ಲರಿಗೂ ಒಂದೇ ಮೊತ್ತವಲ್ಲ. ಕೊನೆಗೆ ಕಾರಣವನ್ನೂ ಕೊಡುತ್ತಾನೆ: ನಾನು ಬಂದಾಗ ವಸೂಲಿ ನಡೆಯಬಾರದು.

ಸಂಬಳದವರು ಹಣ ಬಂದ ದಿನವೇ, ಬೇರೆ ಯಾವ ಬಿಲ್ಲೂ ಕಟ್ಟುವ ಮೊದಲು, ಆ ಪಾಲನ್ನು ಬೇರೆ ಖಾತೆಗೆ ಹಾಕಿಬಿಡಲಿ. ಕೊನೆಗೆ ಉಳಿದದ್ದರಲ್ಲಿ ಕೊಡುತ್ತೇನೆಂದರೆ ಕೊನೆಗೆ ಏನೂ ಉಳಿಯುವುದಿಲ್ಲ. ದಿನಗೂಲಿಯವರು, ಗೊತ್ತಾದ ಆದಾಯವಿಲ್ಲದವರು ಮೊತ್ತ ಇಟ್ಟುಕೊಳ್ಳದೆ ಶೇಕಡಾ ಇಟ್ಟುಕೊಳ್ಳಬೇಕು. ನೂರು ಬಂದ ದಿನ ಐದು, ಏನೂ ಬಾರದ ದಿನ ಸೊನ್ನೆ, ಅದಕ್ಕೆ ಮನಸ್ಸಿನಲ್ಲಿ ಬೇಸರ ಬೇಡ. ವ್ಯಾಪಾರಿಗಳು ವಹಿವಾಟಿನ ಮೇಲೆ ಲೆಕ್ಕ ಹಾಕಬಾರದು, ಸರಕಿನ ಬೆಲೆ, ಬಾಡಿಗೆ, ಕೆಲಸದವರ ಕೂಲಿ ಕಳೆದ ಲಾಭದ ಮೇಲೆ ಹಾಕಬೇಕು. ವಹಿವಾಟಿನ ಮೇಲೆ ಹತ್ತರಲ್ಲೊಂದು ಕೊಡಹೊರಟರೆ ಬಂಡವಾಳ ಕರಗಿ ಅಂಗಡಿ ಮುಚ್ಚಬೇಕಾಗುತ್ತದೆ. ತೆರಿಗೆ ಕಳೆದ ಮೇಲಿನ ಲೆಕ್ಕವೋ ಮೊದಲಿನದೋ ಎಂಬ ಚರ್ಚೆಯಲ್ಲಿ ಹೊತ್ತು ಕಳೆಯಬೇಡಿ. ಒಂದನ್ನು ಆರಿಸಿ ಅದಕ್ಕೆ ನಿಲ್ಲಿರಿ.

ದಶಮಾಂಶದ ಬಗ್ಗೆ ಒಂದು ಮಾತು. ಹಳೆಯ ಒಡಂಬಡಿಕೆಯಲ್ಲಿ ಅದು ಒಂದೇ ಸಾಲಿನ ವಿಷಯವಾಗಿರಲಿಲ್ಲ. ಅರಣ್ಯಕಾಂಡ 18ರಲ್ಲಿ ದೇವರ ಸೇವೆಗೆ ನಿಂತ, ಭೂಮಿಯಿಲ್ಲದ ಲೇವಿಯರ ಜೀವನಕ್ಕೆ ಹತ್ತನೇ ಪಾಲು. ಧರ್ಮೋಪದೇಶಕಾಂಡ 14ರಲ್ಲಿ ಕೊಟ್ಟವನೇ ಮನೆಯವರೊಂದಿಗೆ ದೇವರ ಸನ್ನಿಧಿಯಲ್ಲಿ ಉಂಡು ಸಂತೋಷಿಸುವ ಪಾಲು, ಮೂರನೇ ವರ್ಷಕ್ಕೊಮ್ಮೆ ಲೇವಿಯ, ಪರದೇಶಿ, ಅನಾಥ, ವಿಧವೆ ಇವರಿಗೆಂದು ಊರಲ್ಲೇ ಕೂಡಿಸಿಡುವ ಪಾಲು. ಅದರ ಮೇಲೆ ಹೊಲದ ಅಂಚನ್ನು ಕೊಯ್ಯದೆ ಬಿಡುವ ನಿಯಮ. ಬಡ ವಿಧವೆ ರೂತಳು ಹಕ್ಕಲಾಯ್ದದ್ದು ಅದರಿಂದಲೇ. ಮಲಾಕಿಯ 3:10 ಇಡೀ ಜನಾಂಗಕ್ಕೆ, ಬಂಡಾರ ಬರಿದಾದಾಗ ಹೇಳಿದ ಮಾತು. ನೆಹೆಮೀಯ 13ರಲ್ಲಿ ಅದೇ ಪರಿಸ್ಥಿತಿ ಕಣ್ಣಿಗೆ ಕಟ್ಟುವಂತಿದೆ: ಪಾಲು ಸಿಗದೆ ಲೇವಿಯರು ದೇವಾಲಯ ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಓಡಿಹೋಗಿದ್ದರು. ಹೊಸ ಒಡಂಬಡಿಕೆಯ ಸಭೆಗಳಿಗೆ ಬರೆದ ಪತ್ರಗಳಲ್ಲಿ ಹತ್ತನೇ ಪಾಲು ಕಡ್ಡಾಯ ಎಂಬ ಆಜ್ಞೆ ಇಲ್ಲ. ನನ್ನ ಅಭಿಪ್ರಾಯದಲ್ಲಿ ಹತ್ತು ಎಂಬುದು ಒಳ್ಳೆಯ ಊರುಗೋಲು, ಅದೇ ಕೊನೆಯ ಮೈಲಿಗಲ್ಲಾಗಬಾರದು. ಇದುವರೆಗೆ ಕ್ರಮವಾಗಿ ಕೊಟ್ಟೇ ಇಲ್ಲದವರು ನೂರಕ್ಕೆ ಎರಡರಿಂದ ಶುರು ಮಾಡಿ ವರ್ಷಕ್ಕೆ ಒಂದೊಂದು ಏರಿಸಿದರೆ ಎಂಟು ವರ್ಷಕ್ಕೆ ಹತ್ತಾಗುತ್ತದೆ, ಮನೆಯೂ ಅಲುಗಾಡುವುದಿಲ್ಲ. ಒಂದೇ ಸಲ ಹತ್ತಕ್ಕೆ ಹಾರಿದವರು ಮೂರನೇ ತಿಂಗಳಿಗೆ ನಿಲ್ಲಿಸಿಬಿಡುತ್ತಾರೆ, ಆಮೇಲೆ ನಾಚಿಕೆಯಿಂದ ಎರಡನ್ನೂ ಕೊಡುವುದಿಲ್ಲ.

ಬಡ್ಡಿಸಾಲ ಹೆಚ್ಚಿರುವವರು ಮೊದಲು ಸಾಲ ತೀರಿಸಲಿ. ಆದರೂ ನೂರಕ್ಕೆ ಒಂದಾದರೂ ಎತ್ತಿಡುವುದನ್ನು ಬಿಡದಿರಲಿ, ಕೈ ಮುಚ್ಚಿಯೇ ಅಭ್ಯಾಸವಾದರೆ ಸಾಲ ತೀರಿದ ಮೇಲೂ ಅದು ತೆರೆಯುವುದಿಲ್ಲ. ಸಾಲ ತಂದು ಕಾಣಿಕೆ ಕೊಡುವುದನ್ನು ಮಾತ್ರ ಎಂದೂ ಮಾಡಬೇಡಿ. ಇದ್ದದ್ದಕ್ಕೆ ತಕ್ಕಂತೆ ಕೊಟ್ಟರೆ ಸಮರ್ಪಕ, ಇಲ್ಲದ್ದಕ್ಕೆ ತಕ್ಕಂತೆ ಅಲ್ಲ ಎಂದು 2 ಕೊರಿಂಥ 8:12 ಬಾಗಿಲು ಮುಚ್ಚಿದಂತೆ ಹೇಳಿದೆ.

ಎತ್ತಿಟ್ಟದ್ದನ್ನು ಹೇಗೆ ಹಂಚಬೇಕು? ಹತ್ತು ಭಾಗ ಎಂದಿಟ್ಟುಕೊಂಡರೆ ನಾನು ಹೇಳುವ ಹಂಚಿಕೆ ಹೀಗಿದೆ: ಐದು ಸಭೆಗೂ ವಾಕ್ಯದಲ್ಲಿ ದುಡಿಯುವವರಿಗೂ, ಮೂರು ಮುಖಪರಿಚಯವಿರುವ ಬಡವರಿಗೆ, ಒಂದು ನಾವೆಂದೂ ನೋಡದ ದೂರದವರಿಗೆ, ಒಂದು ಯಾರಿಗೂ ಎಂದು ಬರೆಯದೆ ಖಾಲಿ. ಈ ಕೊನೆಯ ಒಂದು ಭಾಗವೇ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು. ರಾತ್ರಿ ಹತ್ತಕ್ಕೆ ಆಸ್ಪತ್ರೆಯಿಂದ ಫೋನು ಬಂದಾಗ, ಕೆಲಸ ಹೋದ ನೆರೆಯವರ ಮನೆಯಲ್ಲಿ ಒಲೆ ಹಚ್ಚಿಲ್ಲವೆಂದು ತಿಳಿದಾಗ, ನಾಳೆ ನೋಡೋಣ ಎನ್ನದೆ ಎದ್ದುಹೋಗಲು ಅದು ಬೇಕು. ಆರು ತಿಂಗಳಾದರೂ ಆ ಭಾಗ ಖರ್ಚಾಗದೆ ಉಳಿದಿದ್ದರೆ ಅಕ್ಕಪಕ್ಕದಲ್ಲಿ ಕೊರತೆಯಿಲ್ಲವೆಂದು ತಿಳಿಯಬೇಡಿ, ನಾವು ವಿಚಾರಿಸುವುದನ್ನು ಬಿಟ್ಟಿದ್ದೇವೆ ಎಂದು ತಿಳಿಯಿರಿ.

ಕೊಡುವ ಕೈಯ ತಪ್ಪುಗಳು

ಯೆರೂಸಲೇಮ್ ದೇವಾಲಯದಲ್ಲಿ ಕಾಣಿಕೆ ಹಾಕಲು ತುತ್ತೂರಿಯ ಆಕಾರದ ಬಾಯಿಯುಳ್ಳ ಹದಿಮೂರು ಪೆಟ್ಟಿಗೆಗಳಿದ್ದವೆಂದು ಯೆಹೂದ್ಯರ ಧರ್ಮನಿಯಮಗಳ ಹಳೆಯ ಸಂಗ್ರಹವಾದ ಮಿಷ್ನಾ ಹೇಳುತ್ತದೆ. ಮಾರ್ಕ 12ರ ಬಡ ವಿಧವೆ ಅಲ್ಲಿ ಹಾಕಿದ ಎರಡು ಕಾಸು, ಅಂದರೆ ಎರಡು ಲೆಪ್ಟಾ, ಆ ಕಾಲದ ಅತಿ ಚಿಕ್ಕ ನಾಣ್ಯ. ಬೆರಳುಗುರಿನ ಅಗಲದ ಕಂಚಿನ ಬಿಲ್ಲೆ. ಎರಡೂ ಸೇರಿ ಕೊದ್ರಾಂತೆಸ್ ಎಂಬ ಒಂದು ರೋಮನ್ ನಾಣ್ಯ ಎಂದು ಮಾರ್ಕನೇ ಲೆಕ್ಕ ಕೊಡುತ್ತಾನೆ. ಅಂಥ 64 ಕೊದ್ರಾಂತೆಸ್ ಸೇರಿದರೆ ಒಂದು ದಿನಾರಿ, ಅದು ಒಂದು ದಿನದ ಕೂಲಿ. ಹನ್ನೆರಡು ಗಂಟೆಯ ದುಡಿಮೆ ಎಂದಿಟ್ಟುಕೊಂಡರೆ ಅವಳು ಹಾಕಿದ್ದು ಸುಮಾರು ಹನ್ನೊಂದು ನಿಮಿಷದ ಕೂಲಿ. ಎರಡು ಬಿಲ್ಲೆ ಇದ್ದದ್ದರಿಂದ ಒಂದನ್ನು ಇಟ್ಟುಕೊಂಡು ಒಂದನ್ನು ಹಾಕಬಹುದಿತ್ತು. ಅರ್ಧಕ್ಕರ್ಧ ಕೊಟ್ಟರೂ ಯಾರೂ ಬೆರಳೆತ್ತುತ್ತಿರಲಿಲ್ಲ. ಅವಳು ಎರಡನ್ನೂ ಹಾಕಿದಳು. ಅವಳ ಭಕ್ತಿಯನ್ನು ಯೇಸು ಮೆಚ್ಚಿದ್ದು ನಿಜ. ಆದರೆ ಅದಕ್ಕೆ ತಾಗಿಕೊಂಡೇ ಇರುವ ಹಿಂದಿನ ವಚನದಲ್ಲಿ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಅವನು ಖಂಡಿಸುತ್ತಾನೆ. ಎರಡನ್ನೂ ಒಟ್ಟಿಗೆ ಓದಬೇಕು. ಈ ವಿಧವೆಯನ್ನು ಮಾದರಿಯಾಗಿ ತೋರಿಸಿ ಇನ್ನೊಬ್ಬ ವಿಧವೆಯ ಕೊನೆಯ ಕಾಸನ್ನು ಕೇಳುವವನು ಆ ಹಿಂದಿನ ವಚನದಲ್ಲಿ ನಿಂತಿದ್ದಾನೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವುದು ಕೊಡುವುದನ್ನು ಹೂಡಿಕೆಯಾಗಿ ಮಾಡಿದ ಬೋಧನೆ. ಇಷ್ಟು ಬಿತ್ತಿದರೆ ಇಷ್ಟು ಪಟ್ಟು, ಕಾಯಿಲೆ ವಾಸಿಯಾಗಬೇಕಾದರೆ ಇಂಥ ಮೊತ್ತ ಎಂದು ಹೇಳುವಾಗ ದೇವರು ಬಡ್ಡಿ ವ್ಯಾಪಾರಿಯಾಗುತ್ತಾನೆ. ಹಣ ತಿರುಗಿ ಬಾರದಾಗ ಕೊಟ್ಟವನ ನಂಬಿಕೆಯೇ ಕಡಿಮೆಯಾಯಿತೆಂದು ಅವನ ಮೇಲೇ ಹೊರೆ ಹೊರಿಸಲಾಗುತ್ತದೆ. ಮಕೆದೋನ್ಯದವರು ಕಡು ಬಡತನದಲ್ಲಿ ಶಕ್ತಿ ಮೀರಿ ಕೊಟ್ಟರೆಂದು ಪೌಲ ಬರೆಯುತ್ತಾನೆ. ಆಮೇಲೆ ಅವರು ಸಿರಿವಂತರಾದರೆಂದು ಎಲ್ಲೂ ಬರೆಯುವುದಿಲ್ಲ. ಅವರಲ್ಲಿ ತುಂಬಿ ಹರಿದದ್ದು ಸಂತೋಷ.

ಕೊರ್ಬಾನಿನ ತಪ್ಪು ಮಾರ್ಕ 7ರಲ್ಲಿದೆ: ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮೀಸಲು ಎಂದು ಹೇಳಿ ಜಾರಿಕೊಳ್ಳುವುದು. ಯಾಕೋಬ 5:4ರದ್ದು ಇನ್ನೊಂದು, ಕೊಯ್ದವರ ಕೂಲಿ ಹಿಡಿದಿಟ್ಟುಕೊಳ್ಳುವುದು. ಮನೆಕೆಲಸದವರ ಸಂಬಳ ಬಾಕಿಯಿದ್ದರೆ ಕಾಣಿಕೆ ಲಕೋಟೆ ಮುಟ್ಟುವ ಮೊದಲು ಅದನ್ನು ಕೊಟ್ಟುಬನ್ನಿ. ಲೂಕ 19ರ ಸುಂಕ ವಸೂಲಿಗಾರ ಜಕ್ಕಾಯನಿಗೆ ಈ ತಿಳುವಳಿಕೆ ಇತ್ತು. ಆಸ್ತಿಯಲ್ಲಿ ಅರ್ಧ ಬಡವರಿಗೆ ಎಂದವನು, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆಂದು ಬೇರೆಯಾಗಿಯೇ ಹೇಳಿದ. ದಾನದ ಲೆಕ್ಕ ಬೇರೆ, ತೀರಿಸಬೇಕಾದ ಲೆಕ್ಕ ಬೇರೆ. ಭೂಮಿ ಮಾರಿದ ಹಣದ ವಿಷಯದಲ್ಲಿ ಸುಳ್ಳಾಡಿ ಸತ್ತುಬಿದ್ದ ಅನನೀಯ ಸಪ್ಫೈರ ದಂಪತಿಯ ಕಥೆಯನ್ನು ಹೆದರಿಸಲು ಬಳಸುವವರು ಅಪೊಸ್ತಲರ ಕೃತ್ಯಗಳು 5:4ನ್ನು ಓದಲಿ. ಭೂಮಿ ನಿನ್ನದಾಗಿತ್ತು, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ಲವೇ ಎಂದು ಪೇತ್ರ ಕೇಳುತ್ತಾನೆ. ಸ್ವಲ್ಪ ಇಟ್ಟುಕೊಂಡದ್ದು ಅವರ ತಪ್ಪಾಗಿರಲಿಲ್ಲ. ಎಲ್ಲವನ್ನೂ ಕೊಟ್ಟೆವೆಂದು ತೋರಿಸಿಕೊಂಡದ್ದು ತಪ್ಪು.

ಕೈಗೆ ಕೊಡುವಾಗಿನ ರೀತಿಯೂ ಮುಖ್ಯ. ಹತ್ತು ಮನೆಗೆ ಚೂರುಚೂರು ಹಂಚುವುದಕ್ಕಿಂತ ಒಂದು ಮನೆಗೆ ಒಂದು ತಿಂಗಳ ಪೂರ್ತಿ ಬಾಡಿಗೆ ಕಟ್ಟಿದರೆ ಆ ಮನೆಯವರು ಉಸಿರಾಡುತ್ತಾರೆ. ಏನು ಬೇಕೆಂದು ಕೇಳಿ ಕೊಡಿ; ನಮಗೆ ಬೇಡವಾದದ್ದೇ ಅವರಿಗೆ ಬೇಕಾಗಿರುತ್ತದೆ ಎಂದುಕೊಳ್ಳಬೇಡಿ. ಸಾಲವೋ ಉಡುಗೊರೆಯೋ ಎಂಬುದನ್ನು ಕೊಡುವಾಗಲೇ ಬಾಯಿಬಿಟ್ಟು ಹೇಳಿ. ಸಾಲವೆಂದರೆ ತಿರುಗಿ ಬಾರದಿದ್ದರೂ ಸಂಬಂಧ ಉಳಿಯುವಷ್ಟೇ ಕೊಡಿ. ಒಂದೇ ಮನೆಗೆ ಮೂರು ತಿಂಗಳು ಸತತ ಸಹಾಯ ಮಾಡಿದ ಮೇಲೆ ಅವರೊಂದಿಗೆ ಕೂತು ಮುಂದೇನು ಎಂದು ಮಾತಾಡಬೇಕು; ಕೆಲಸ ಮಾಡಬಲ್ಲವರಿಗೆ ಕೆಲಸ ಹುಡುಕಿಕೊಡುವುದೂ ದಾನವೇ. ಮುಪ್ಪಿನವರಿಗೆ, ವಾಸಿಯಾಗದ ಕಾಯಿಲೆಯವರಿಗೆ ಈ ಗಡುವು ಬೇಡ, ಅವರಿಗೆ ಕೊನೆಯ ತನಕ ಎಂದೇ ಲೆಕ್ಕ ಹಾಕಿ. ಫೋಟೊ ತೆಗೆಯಬೇಡಿ. ಬಲಗೈ ಕೊಡುವುದು ಎಡಗೈಗೆ ತಿಳಿಯದಿರಲಿ ಎಂದು ಯೇಸು ಹೇಳಿದ್ದಕ್ಕೆ ಇವತ್ತಿನ ಮೊದಲ ಅರ್ಥ ಅದೇ. ಸಂಕೋಚದ ಮನೆಯಾದರೆ ಹಿರಿಯರೊಬ್ಬರ ಮೂಲಕ, ಹೆಸರು ಹೇಳದೆ ಮುಟ್ಟಿಸಿ.

ಸಭೆಯ ಲೆಕ್ಕ

ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್, ಭಾನುವಾರದ ಆರಾಧನೆಯಲ್ಲಿ ಕೂಡಿದ್ದನ್ನು ಅಧ್ಯಕ್ಷನ ಬಳಿ ಇಡುತ್ತಿದ್ದರು, ಅವನು ಅನಾಥರು, ವಿಧವೆಯರು, ಕಾಯಿಲೆಯವರು, ಸೆರೆಯಲ್ಲಿರುವವರು, ಪರಸ್ಥಳದವರು ಇವರನ್ನು ನೋಡಿಕೊಳ್ಳುತ್ತಿದ್ದ ಎಂದು ಬರೆದಿದ್ದಾನೆ. 197ರ ಹೊತ್ತಿಗೆ ಉತ್ತರ ಆಫ್ರಿಕದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್, ತಿಂಗಳಿಗೊಮ್ಮೆ, ಮನಸ್ಸಿದ್ದರೆ, ಶಕ್ತಿಯಿದ್ದರೆ ಒಂದು ಸಣ್ಣ ಮೊತ್ತ, ಯಾರ ಮೇಲೂ ಬಲವಂತವಿಲ್ಲ ಎನ್ನುತ್ತಾನೆ. ಬಡವರ ಶವಸಂಸ್ಕಾರ, ಹಡಗು ಒಡೆದು ನಿರ್ಗತಿಕರಾದವರು, ಗಣಿಗಳಿಗೆ ತಳ್ಳಲ್ಪಟ್ಟವರು ಅವನ ಪಟ್ಟಿಯಲ್ಲಿದ್ದಾರೆ. 251ರಲ್ಲಿ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರದ ಪ್ರಕಾರ ಅಲ್ಲಿಯ ಸಭೆ 1,500ಕ್ಕೂ ಹೆಚ್ಚು ವಿಧವೆಯರನ್ನೂ ಕಷ್ಟದಲ್ಲಿದ್ದವರನ್ನೂ ಪೋಷಿಸುತ್ತಿತ್ತು. ಸಣ್ಣ ಸಣ್ಣ ಮೊತ್ತಗಳು ಸೇರಿ ನಡೆದ ಕೆಲಸ ಇದು.

ಇಂಥ ಕೆಲಸ ಕೆಡುವುದು ಹೆಚ್ಚಾಗಿ ಲೆಕ್ಕದಲ್ಲಿ. ಎಣಿಸುವಾಗ ಒಂದೇ ಮನೆಗೆ ಸೇರದ ಇಬ್ಬರು ಇರಲಿ, ಎಣಿಸಿದ ಮೊತ್ತಕ್ಕೆ ಇಬ್ಬರೂ ಅಲ್ಲೇ ಸಹಿ ಹಾಕಲಿ, ಹಣ ಮರುದಿನವೇ ಬ್ಯಾಂಕಿಗೆ ಹೋಗಲಿ. ಬಡವರ ನಿಧಿ ಕಟ್ಟಡದ ನಿಧಿಯೊಂದಿಗೆ ಬೆರೆಯದಿರಲಿ. ಬೆರೆತರೆ ಯಾವಾಗಲೂ ಕಟ್ಟಡವೇ ಗೆಲ್ಲುತ್ತದೆ. ಮೂರು ತಿಂಗಳಿಗೊಮ್ಮೆ ಬಂದದ್ದು, ಹೋದದ್ದು, ಉಳಿದದ್ದು ಸಭೆಯ ಮುಂದೆ ಓದಲಿ. ಸಹಾಯ ಪಡೆದವರ ಹೆಸರು ಓದುವುದು ಬೇಡ, ಎಷ್ಟು ಮನೆ ಎಂದರೆ ಸಾಕು. ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ಗುಣುಗುಟ್ಟು ಎದ್ದಾಗ ಏಳು ಜನರನ್ನು ಆರಿಸಿದರು. ಆ ಏಳೂ ಗ್ರೀಕ್ ಹೆಸರುಗಳು. ದೂರು ಎದ್ದ ಕಡೆಯವರ ಕೈಗೇ ಹಂಚುವ ಸೌಟನ್ನು ಕೊಟ್ಟರೆಂದು ಕಾಣುತ್ತದೆ. ಇದಕ್ಕಿಂತ ಜಾಣ ವ್ಯವಸ್ಥೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಪೌಲನೂ ತಾನೊಬ್ಬನೇ ಹಣ ಮುಟ್ಟಲಿಲ್ಲ. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸದ ಹಾಗೆ ಎಂದು ಹೇಳಿ ತನ್ನ ಜೊತೆಕೆಲಸಗಾರ ತೀತನನ್ನೂ ಸಭೆಗಳು ನೇಮಿಸಿದ ಸಹೋದರರನ್ನೂ ಜೊತೆಗಿಟ್ಟುಕೊಂಡ. ಪ್ರಯಾಣ ಹೊರಟಾಗ ಕೃತ್ಯಗಳು 20:4ರಲ್ಲಿ ಬೆರೋಯ, ಥೆಸಲೋನಿಕ, ದೆರ್ಬೆ, ಆಸ್ಯ ಸೀಮೆ ಎಂದು ಬೇರೆ ಬೇರೆ ಕಡೆಯ ಏಳು ಜನರ ಹೆಸರಿದೆ. ಕೊರಿಂಥದವರು ಕೊನೆಗೂ ಕೊಟ್ಟರೇ ಎಂಬುದಕ್ಕೆ ಉತ್ತರ ರೋಮಾಪುರ 15:26ರಲ್ಲಿ ಸಿಗುತ್ತದೆ. ಮಕೆದೋನ್ಯದವರೂ ಅಖಾಯದವರೂ ಸಂತೋಷದಿಂದ ಕೊಟ್ಟರು ಎಂದಿದ್ದಾನೆ. ಕೊರಿಂಥ ಅಖಾಯದಲ್ಲೇ ಇದೆ. ಅಷ್ಟು ದಿನ ಕಾದು, ಅಷ್ಟು ಪತ್ರ ಬರೆದು, ಅಷ್ಟು ಜನರ ಕೈಯಿಂದ ಕೂಡಿಸಿದ ಗಂಟನ್ನು ಹೊತ್ತು ಹೊರಡುವ ಮೊದಲು ಅವನು ರೋಮಿನವರಲ್ಲಿ ಒಂದು ಪ್ರಾರ್ಥನೆ ಬೇಡಿಕೊಳ್ಳುತ್ತಾನೆ. ದಾರಿಯಲ್ಲಿ ಕಳ್ಳರ ಕಾಟವಿರದಿರಲಿ ಎಂದು ಕೇಳುವುದಿಲ್ಲ. ತಾನು ಒಯ್ಯುತ್ತಿರುವುದನ್ನು ಯೆರೂಸಲೇಮಿನ ಆ ಬಡವರು ಮನಸ್ಸಿಟ್ಟು ಸ್ವೀಕರಿಸಲಿ, ಅದಕ್ಕಾಗಿ ಪ್ರಾರ್ಥಿಸಿರಿ ಎನ್ನುತ್ತಾನೆ.